ನರಿಗೆ ಕೈ ಕೊಟ್ಟ ಏಡಿ

ಮಕ್ಕಳೇ, ಹತ್ತಿರ ಬನ್ನಿ. ಇನ್ನೂ ಹತ್ತಿರ. ಏಡಿಗಳ ಕತೆ ಕೇಳುವುದಾದರೆ ನನ್ನ ಬಾಯಲ್ಲೇ ಕೇಳಬೇಕು. ಗದ್ದೆಯ ಬದುವಿನ ಮೇಲೆ ನಡೆದು ಹೋಗುತ್ತಲೇ, ಈ ಬಿಲದೊಳಗೆ ಏಡಿ ಇದೆಯೋ, ಹಾವು ಇದೆಯೋ, ಇಲ್ಲಾ ಬಾಡಿಗೆಗೆ ಖಾಲಿ ಇದೆಯೋ ಹೇಳಬಲ್ಲವನು ನಾನು. ನಮ್ಮ ಸೀಮೆಯಲ್ಲಿ ಇಂಥವನು ಇನ್ನೊಬ್ಬನಿದ್ದರೆ ಕರೆದುಕೊಂಡು ಬನ್ನಿ, ಒಂದು ಕೈ ನೋಡಿಯೇ ಬಿಡೋಣ!

ಒಂದು ದೊಡ್ಡ ಕೆರೆ. ಕೆರೆಯ ಏರಿಯಲ್ಲಿ ಒಂದು ಕಲ್ಲಿನ ತೂಬು, ಅಂದರೆ ಗದ್ದೆಗೆ ನೀರು ಬಿಡುವ ಬಾಗಿಲು. ಮೇಲಿಂದ ನೀರು ಬಿದ್ದು ಬಿದ್ದು ತೂಬಿನ ಕೆಳಗೆ ಒಂದು ಹೊಂಡವಾಗಿತ್ತು. ಆ ಹೊಂಡದಲ್ಲಿ ಗಂಗತ್ತೆ ಎಂಬ ಕಪ್ಪೆ, ಈರಜ್ಜ ಎಂಬ ಮುದಿ ಆಮೆ, ಬಾಯಿ ಒಂದು ಗಳಿಗೆಯೂ ಸುಮ್ಮನಿರದ ನೀರುಕೋಳಿ ರಂಗಕ್ಕ ವಾಸವಾಗಿದ್ದರು. ಹೊಂಡದ ದಡದಲ್ಲೇ ಬಿಲ ತೋಡಿಕೊಂಡು ಚಿಪ್ಪಣ್ಣ ಎಂಬ ಏಡಿಯೂ ಇದ್ದ.

ಚಿಪ್ಪಣ್ಣನಲ್ಲಿ ವಿಶೇಷ ಏನೂ ಇರಲಿಲ್ಲ. ಇಕ್ಕಳದಂಥ ಎರಡು ಕೈ, ಅಡ್ಡಡ್ಡ ನಡಿಗೆ, ಕಡ್ಡಿಯ ತುದಿಯಲ್ಲಿ ಕುಳಿತಂಥ ಎರಡು ಕಣ್ಣು. ಬದುವಿನ ತುಂಬ ಅಂಥ ಏಡಿಗಳೇ. ಯಾರೂ ಅವನ ಕಡೆ ತಿರುಗಿ ನೋಡುತ್ತಿರಲಿಲ್ಲ. ರಂಗಕ್ಕನಂತೂ ಅವನ ಹೆಸರನ್ನೇ ಮರೆತು, "ಏಯ್, ಏನೋ ಅಣ್ಣ!" ಎಂದು ಕೂಗುತ್ತಿದ್ದಳು.

ಒಂದು ದಿನ ಬೆಳಿಗ್ಗೆ ಚಿಪ್ಪಣ್ಣ ಗದ್ದೆಯಲ್ಲಿ ಎಳೆ ಪೈರು ಕಡಿಯುತ್ತಾ ಮೈಮರೆತಿದ್ದ. ಹಿಂದಿನಿಂದ ಒಂದು ಗುಳ್ಳೆನರಿ ಸದ್ದಿಲ್ಲದೆ ಬಂದು ಅವನ ಬಲಗೈಯನ್ನು ಗಬಕ್ಕನೆ ಬಾಯಲ್ಲಿ ಹಿಡಿದುಬಿಟ್ಟಿತು.

"ಸಿಕ್ಕಿದೆಯಾ ಮರಿ! ಇವತ್ತಿನ ತಿಂಡಿ ನೀನೇ," ಎಂದು ಹಲ್ಲು ಸಂದಿಯಲ್ಲೇ ಹೇಳಿತು.

ಏಡಿಗಳಿಗೆ ಒಂದು ವಿದ್ಯೆ ಗೊತ್ತು. ಕೈ ಸಿಕ್ಕಿಬಿದ್ದರೆ ಬುಡದಲ್ಲೇ ಕಳಚಿ ಬಿಟ್ಟುಬಿಡುತ್ತವೆ. ಚಿಪ್ಪಣ್ಣ ಒಮ್ಮೆ ಮೈ ಬಿಗಿದ. 'ಕಟಕ್' ಎಂದಿತು. ಬಲಗೈ ನರಿಯ ಬಾಯಲ್ಲೇ ಉಳಿಯಿತು. ಚಿಪ್ಪಣ್ಣ ಉರುಳಿಕೊಂಡು ಹೋಗಿ ಬಿಲ ಸೇರಿದ. ನರಿ ಆ ಕೈಯನ್ನೇ ಕಡಿದು, ಅದರೊಳಗೆ ಇದ್ದ ಚೂರುಪಾರು ನೆಕ್ಕಿಕೊಂಡು, ಹಸಿದ ಹೊಟ್ಟೆಯಲ್ಲೇ ಹೊರಟುಹೋಯಿತು.

ಇದನ್ನೆಲ್ಲ ತೂಬಿನ ಮೇಲಿಂದ ನೋಡಿದ ರಂಗಕ್ಕ ರೆಕ್ಕೆ ಬಡಿಯುತ್ತಾ ಹೊಂಡಕ್ಕೆ ಓಡಿಬಂದಳು.

"ಕೇಳಿದ್ರಾ? ಕೇಳಿದ್ರಾ? ನಮ್ಮ ಚಿಪ್ಪಣ್ಣ ನರಿಗೇ ಕೈ ಕೊಟ್ಟ!"

"ಕೈ ಕೊಟ್ನಾ? ನರೀಗಾ?" ಗಂಗತ್ತೆ ನೀರಿನಿಂದ ತಲೆ ಎತ್ತಿದಳು. "ಲೋಕಕ್ಕೆಲ್ಲ ಕೈ ಕೊಡೋದು ನರಿ. ನರಿಗೇ ಕೈ ಕೊಟ್ಟೋರನ್ನ ನಾನು ಈವರೆಗೆ ನೋಡಿಲ್ಲಮ್ಮ."

"ಬರೀ ಮಾತಿಗಲ್ಲ ಅತ್ತೆ! ನಿಜವಾದ ಕೈ ತೆಗೆದು ಬಾಯಿಗೆ ಕೊಟ್ಟು, ತಾನು ತಪ್ಪಿಸ್ಕೊಂಡು ಬಂದ!"

ಹೊಂಡಕ್ಕೆ ಹೊಂಡವೇ ನಕ್ಕಿತು. ಈರಜ್ಜ ನಕ್ಕ ರಭಸಕ್ಕೆ ಕಲ್ಲಿನಿಂದ ಜಾರಿ ನೀರಿಗೆ ಬಿದ್ದ. ಸಂಜೆಯ ಹೊತ್ತಿಗೆ ಈ ಸುದ್ದಿ ಕೆರೆಯ ಆಚೆ ದಡಕ್ಕೂ ಹೋಗಿ ಮುಟ್ಟಿತು.

ಮರುದಿನದಿಂದ ಚಿಪ್ಪಣ್ಣನಿಗೆ ಉಪಚಾರವೋ ಉಪಚಾರ. ಗಂಗತ್ತೆ ತನ್ನ ಪಾಲಿನ ಹುಳು ತಂದು ಬಿಲದ ಬಾಗಿಲಲ್ಲಿಟ್ಟಳು.

"ತಗೊಳ್ಳಪ್ಪ. ಪಾಪ, ಒಂದು ಕೈಲಿ ಹೆಂಗೆ ಬದುಕ್ತೀಯೋ."

"ಪಾಪ ಅನ್ಬೇಡ ಅತ್ತೆ, ಶಹಬ್ಬಾಸ್ ಅನ್ನು," ಎಂದ ಚಿಪ್ಪಣ್ಣ ಎದೆಯುಬ್ಬಿಸಿ. "ಒಂದು ಕೈ ಸಾಕು. ನೋಡ್ತಾ ಇರು."

ಇಲ್ಲಿ ಒಂದು ಮಾತು ಹೇಳಲೇಬೇಕು. ಚಿಪ್ಪಣ್ಣ ಸುಮ್ಮನೆ ಜಂಬ ಕೊಚ್ಚಲಿಲ್ಲ, ಮಾಡಿ ತೋರಿಸಿದ. ಮೊದಮೊದಲು ಮಣ್ಣಿನ ಉಂಡೆ ಎತ್ತಲು ಹೋದರೆ ಅದು ಉರುಳಿ ಓಡುತ್ತಿತ್ತು. ತಿನ್ನುವ ಎಲೆ ಗಾಳಿಗೆ ಹಾರುತ್ತಿತ್ತು. ನಡೆಯುವಾಗ ಎಡಗೈಯ ಭಾರಕ್ಕೆ ಒಂದೇ ಕಡೆ ವಾಲುತ್ತಿದ್ದ. ಆದರೆ ಬಿಡಲಿಲ್ಲ. ಎಲೆಯನ್ನು ಕಾಲಡಿ ಒತ್ತಿ ಹಿಡಿದು ಕತ್ತರಿಸುವುದನ್ನು ಕಲಿತ. ಮಣ್ಣಿನ ಉಂಡೆಯನ್ನು ಎದೆಗೆ ಅವಚಿಕೊಂಡು ಎತ್ತುವುದನ್ನು ಕಲಿತ. ಮಳೆಗೆ ಬಿಲ ಕುಸಿದಾಗ ಒಂದೇ ಕೈಯಲ್ಲಿ ಹೊಸ ಬಿಲ ತೋಡಿದ.

"ಎರಡು ಕೈ ಇರೋರು ಮಾಡಿದ್ದಕ್ಕಿಂತ ಅಚ್ಚುಕಟ್ಟಾಗಿದೆ ಕಣೋ," ಎಂದು ಈರಜ್ಜನೇ ಒಪ್ಪಿಕೊಂಡ.

ರಂಗಕ್ಕ ಸುಮ್ಮನಿರುತ್ತಾಳೆಯೇ? ಕೆರೆಗೆ ಬಂದ ಬಾತುಕೋಳಿಗಳನ್ನೆಲ್ಲ ಸಾಲಾಗಿ ಕರೆತಂದಳು. "ಬನ್ನಿ ಬನ್ನಿ, ಒಂಟಿಗೈ ವೀರನ ಮನೆ ಇದೇ! ನರಿಗೆ ಕೈ ಕೊಟ್ಟ ಚಿಪ್ಪಣ್ಣ ಇವನೇ! ತಳ್ಳಾಡಬೇಡಿ, ಎಲ್ಲರಿಗೂ ಕಾಣುತ್ತೆ!"

ಬಾತುಕೋಳಿಗಳು ಕತ್ತು ಚಾಚಿ ಚಾಚಿ ನೋಡಿದವು. "ಅಬ್ಬಬ್ಬಾ, ಒಂದೇ ಕೈ! ಎಂಥಾ ಧೈರ್ಯ!" ಎಂದವು. ಚಿಪ್ಪಣ್ಣ ಎಡಗೈಯನ್ನು ಮೇಲೆತ್ತಿ ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿದ. ಆ ಸುತ್ತಿಗೇ ಅವನ ತಲೆಯೂ ತಿರುಗಿತು.

ಹೀಗೆ ಮಳೆಗಾಲ ಕಳೆಯಿತು. ಒಂದು ದಿನ ಚಿಪ್ಪಣ್ಣನಿಗೆ ಮೈಯೆಲ್ಲ ಬಿಗಿಬಿಗಿಯಾಯಿತು. ಹಳೆಯ ಅಂಗಿ ಬಿಗಿಯಾದ ಹಾಗೆ ಚಿಪ್ಪು ಹಿಡಿಯತೊಡಗಿತು. ಏಡಿ ಬೆಳೆದಾಗ ಹಾಗೇ. ಚಿಪ್ಪು ಕಳಚಿ ಹೊಸ ಚಿಪ್ಪಿನಲ್ಲಿ ಹೊರಬರಬೇಕು. ಅವನು ಬಿಲದ ಬಾಗಿಲಿಗೆ ಮಣ್ಣು ಮೆತ್ತಿ ಒಳಗೆ ಮಲಗಿದ. ಬಹಳ ಹೊತ್ತು ತಿಣುಕಿ ಹಳೆಯ ಚಿಪ್ಪಿನಿಂದ ಆಚೆ ಜಾರಿದ. ಜಾರಿ ನೋಡುತ್ತಾನೆ, ಬಲಗಡೆ ಒಂದು ಹೊಸ ಕೈ!

ಅವರೆಕಾಯಿಯಷ್ಟು ಗಾತ್ರ, ಅವರೆಕಾಯಿಯಷ್ಟೇ ಮೆತ್ತಗೆ. ಚಿಪ್ಪಣ್ಣ ಅದನ್ನು ಬಿಚ್ಚಿದ, ಮುಚ್ಚಿದ, ಬಿಚ್ಚಿದ, ಮುಚ್ಚಿದ.

"ಬಂತು! ನನ್ನ ಕೈ ಬಂತು!" ಎಂದು ಬಿಲದೊಳಗೇ ಕುಣಿದ. ಬಾಗಿಲ ಮಣ್ಣು ತಳ್ಳಿ ಎಲ್ಲರಿಗೂ ತೋರಿಸೋಣ ಎಂದು ಹೊರಟ. ಅಷ್ಟರಲ್ಲಿ ಹೊರಗಿನಿಂದ ರಂಗಕ್ಕನ ದನಿ ಕೇಳಿಸಿತು.

"ಒಂಟಿಗೈ ವೀರ ವಿಶ್ರಾಂತಿ ತಗೋತಿದಾನೆ, ಗಲಾಟೆ ಮಾಡಬೇಡಿ! ಇಡೀ ಕೆರೆಗೆ ಇಂಥೋನು ಒಬ್ಬನೇ. ಎರಡು ಕೈ ಏಡಿಗಳು ಬೇಕಾದರೆ ಆ ಬದುವಿನ ಮೇಲೆ ರಾಶಿ ಇವೆ, ಅತ್ತ ಹೋಗಿ."

ಚಿಪ್ಪಣ್ಣ ಬಾಗಿಲಲ್ಲೇ ನಿಂತುಬಿಟ್ಟ.

'ಈ ಕೈ ತೋರಿಸಿದರೆ ನಾನೂ ಆ ರಾಶಿಯಲ್ಲಿ ಒಬ್ಬ,' ಎಂದುಕೊಂಡ. 'ಮತ್ತೆ "ಏಯ್, ಏನೋ ಅಣ್ಣ" ಆಗಿಬಿಡ್ತೀನಿ. ಬಾತುಕೋಳಿ ಬರಲ್ಲ, ಹುಳು ಬರಲ್ಲ, ಶಹಬ್ಬಾಸ್ ಬರಲ್ಲ.'

ಆಮೇಲೆ ಏನು ಮಾಡಿದ ಗೊತ್ತೇ? ಹೊಸ ಕೈಯನ್ನು ಮಡಚಿ ಹೊಟ್ಟೆಯ ಅಡಿಗೆ ಒತ್ತಿದ. ಬಿಲದ ಗೋಡೆಯಿಂದ ಜೇಡಿಮಣ್ಣು ಕಿತ್ತು ಅದರ ಮೇಲೆ ಮೆತ್ತಿದ. ನೀಟಾಗಿ ಸವರಿದ. ನೋಡಿದವರಿಗೆ ಹೊಟ್ಟೆಗೆ ಸ್ವಲ್ಪ ಕೆಸರು ಹತ್ತಿದೆ ಅನ್ನಬೇಕು, ಅಷ್ಟೇ. ಏಡಿಯ ಮೈಗೆ ಕೆಸರು ಹತ್ತಿದ್ದರೆ ಯಾರು ಕೇಳುತ್ತಾರೆ?

ದಿನವೂ ಇದೇ ನಡೆಯಿತು. ಬೆಳಿಗ್ಗೆ ಎದ್ದು ಮಣ್ಣು ಮೆತ್ತಿಕೊಳ್ಳುವುದು, ಹೊರಗೆ ಬಂದು ಒಂಟಿಗೈ ಆಟ ತೋರಿಸುವುದು, ಸಂಜೆ ಬಿಲಕ್ಕೆ ಹೋಗಿ ಮಣ್ಣು ತೊಳೆದು ಕೈಯನ್ನು ಒಮ್ಮೆ ನೀಡಿ ಮಡಚುವುದು. ಕೈ ಏನೋ ದಿನದಿನಕ್ಕೂ ಗಟ್ಟಿಯಾಗುತ್ತಿತ್ತು. ಆದರೆ ಬಿಲದೊಳಗಿನ ಆ ಒಂದು ಗಳಿಗೆ ಬಿಟ್ಟರೆ ಅದಕ್ಕೆ ಕೆಲಸವೇ ಇರಲಿಲ್ಲ.

ಪೀಕಲಾಟ ಒಂದೆರಡಲ್ಲ. ಒಮ್ಮೆ ಗಂಗತ್ತೆ ತನ್ನ ಹೊಸ ಹಾಡು ಹಾಡಿದಳು. 'ವಟರ್' ಎಂದು ಶುರುವಾಗಿ 'ವಟರ್' ಎಂದೇ ಮುಗಿಯುವ ಹಾಡು. ಎಲ್ಲರೂ ಮೆಚ್ಚಿ ಗದ್ದಲ ಮಾಡಿದರು. ಚಿಪ್ಪಣ್ಣನ ಎರಡು ಕೈಯೂ ತಾನಾಗಿಯೇ ಮೇಲೇಳಲು ಹೋದವು. ಸದ್ಯ, ನೆನಪಾಯಿತು. ಬಲಗೈಯ ಮೇಲೆ ಧೊಪ್ಪನೆ ಕುಳಿತು, ಎಡಗೈಯಿಂದ ಕಲ್ಲಿಗೆ ಟಪಟಪ ಬಡಿದ.

ಇನ್ನೊಂದು ದಿನ ಈರಜ್ಜ ಕತ್ತು ಓರೆ ಮಾಡಿ ಅವನನ್ನೇ ನೋಡಿದ.

"ಚಿಪ್ಪಣ್ಣ, ಮೊದಲು ಎಡಕ್ಕೆ ವಾಲ್ತಿದ್ದೆ. ಈಗ ನೆಟ್ಟಗೆ ನಡೀತೀಯಲ್ಲೋ?"

"ಅಭ್ಯಾಸ ಅಜ್ಜ, ಅಭ್ಯಾಸ!"

"ಹೊಟ್ಟೆ ಯಾಕೆ ಬಲಕ್ಕೆ ಉಬ್ಬಿದೆ?"

"ಊಟ ಜಾಸ್ತಿ ಆಯ್ತು ಅಜ್ಜ."

"ಬರೀ ಬಲಕ್ಕೇನಾ?"

"ಬಲಕ್ಕೆ ತಿರುಗಿ ಮಲಗಿದ್ದೆ, ಅದಕ್ಕೇ!" ಎಂದು ಚಿಪ್ಪಣ್ಣ ಅಡ್ಡಡ್ಡ ಓಡಿಹೋದ. ಈರಜ್ಜ ಗೊಣಗಿಕೊಂಡು ಕಣ್ಣು ಮುಚ್ಚಿದ. ಆಮೆಗಳು ಅನುಮಾನವನ್ನೂ ನಿಧಾನವಾಗಿಯೇ ಪಡುತ್ತವೆ.

ಬೇಸಿಗೆ ಬಂತು. ಕೆರೆಯ ನೀರು ಇಳಿಯಿತು. ತೂಬಿನಿಂದ ಬೀಳುವ ನೀರು ಬೆರಳು ಗಾತ್ರದ ಧಾರೆಯಾಯಿತು. ನೀರು ಇಳಿದಾಗ ಯಾರೋ ಎಸೆದು ಹೋಗಿದ್ದ ಮೀನಿನ ಬಲೆಯ ಹರಕು ತುಂಡೊಂದು ತೂಬಿನ ಕಲ್ಲಿಗೆ ಸಿಕ್ಕಿ ನೇತಾಡುವುದು ಕಾಣಿಸಿತು. ಗಾಜಿನ ಹಾಗೆ ಕಣ್ಣಿಗೆ ಸುಲಭವಾಗಿ ಕಾಣದ ನೈಲಾನ್ ದಾರ. ಬಿಸಿಲಿಗೆ ಹಿಡಿದರೆ ಮಾತ್ರ ಮಿನುಗುತ್ತಿತ್ತು.

ಒಂದು ಮಧ್ಯಾಹ್ನ ಗಂಗತ್ತೆ ನೊಣ ಹಿಡಿಯಲೆಂದು ತೂಬಿನ ಕಲ್ಲಿಗೆ ಹಾರಿದಳು. ನೊಣ ಸಿಕ್ಕಿತು. ಜೊತೆಗೆ ಅವಳೂ ಸಿಕ್ಕಿಬಿದ್ದಳು. ಹಿಂಗಾಲಿಗೆ ದಾರ ಸುತ್ತಿಕೊಂಡಿತು. ಒದ್ದಷ್ಟೂ ಬಿಗಿಯಿತು.

"ಅಯ್ಯೋ! ಬನ್ರೋ! ಯಾರಾದ್ರೂ ಬನ್ರೋ!"

ಕಲ್ಲು ಕಾದ ಬಾಣಲೆಯಾಗಿತ್ತು. ಕಪ್ಪೆಯ ಚರ್ಮ ಒದ್ದೆಯಾಗಿರಬೇಕು. ಒಣಗಿದರೆ ಅವಳ ಕತೆ ಮುಗಿದಂತೆ. ಕೆಳಗೇ ನೀರು ಕಾಣುತ್ತಿತ್ತು, ಆದರೆ ಅಲ್ಲಿಗೆ ನೆಗೆಯಲು ಕಾಲು ಬರುತ್ತಿರಲಿಲ್ಲ.

ಈರಜ್ಜ ಏದುಸಿರು ಬಿಡುತ್ತಾ ಕಲ್ಲು ಹತ್ತಿದ. ರಂಗಕ್ಕ ಬಾತುಕೋಳಿಗಳನ್ನು ಹಿಂದಿಟ್ಟುಕೊಂಡೇ ಓಡಿಬಂದಳು. ಆಗ ಚಿಪ್ಪಣ್ಣನೂ ಬಂದ. ಬೆಳಗಿನಿಂದ ಬಾತುಕೋಳಿಗಳ ಮುಂದೆ ಬಿಸಿಲಲ್ಲೇ ಆಟ ತೋರಿಸುತ್ತಿದ್ದನಲ್ಲ, ಗತ್ತು ಇನ್ನೂ ಇಳಿದಿರಲಿಲ್ಲ.

"ಎಲ್ಲರೂ ಹಿಂದೆ ಸರೀರಿ!" ಎಂದ. "ಒಂಟಿಗೈ ವೀರ ಬಂದಾಯ್ತು. ಅತ್ತೆ, ಕಣ್ಣು ಮುಚ್ಚಿ ಕಣ್ಣು ತೆಗಿ, ಅಷ್ಟರಲ್ಲಿ ದಾರ ಕಟ್!"

ಎಡಗೈಯಿಂದ ದಾರವನ್ನು ಕಚ್ಚಿದ. ದಾರ ಸರಕ್ಕನೆ ಜಾರಿತು. ಮತ್ತೆ ಕಚ್ಚಿದ. ಮತ್ತೆ ಜಾರಿತು. ಎಲೆಯನ್ನು ಒತ್ತಿ ಹಿಡಿದ ಹಾಗೆ ಕಾಲಡಿ ಒತ್ತಲು ನೋಡಿದ. ನೈಲಾನ್ ದಾರ ಎಲೆಯೇ? ಕಾಲಿಗೂ ಸಿಗಲಿಲ್ಲ, ಕೈಗೂ ಸಿಗಲಿಲ್ಲ. ಸಡಿಲವಾದ ದಾರವನ್ನು ಕತ್ತರಿಸಬೇಕಾದರೆ ಒಂದು ಕೈ ಎಳೆದು ಬಿಗಿ ಹಿಡಿಯಬೇಕು, ಇನ್ನೊಂದು ಕೈ ಕತ್ತರಿಸಬೇಕು. ಬೇರೆ ದಾರಿಯಿಲ್ಲ.

"ನಾನು ಬಾಯಲ್ಲಿ ಹಿಡ್ಕೊಂಡು ಎಳೀತೀನಿ, ನೀನು ಕತ್ತರಿಸು," ಎಂದ ಈರಜ್ಜ. "ನನಗೆ ಹಲ್ಲಿಲ್ಲ, ಕತ್ತರಿಸೋಕೆ ಬರಲ್ಲ. ಹಿಡಿಯೋಕೆ ಬರುತ್ತೆ."

ಚಿಪ್ಪಣ್ಣ ಬಾತುಕೋಳಿಗಳ ಕಡೆ ನೋಡಿದ. ಎಲ್ಲವೂ ಕಣ್ಣು ಮಿಟುಕಿಸದೆ ನೋಡುತ್ತಿದ್ದವು.

"ಬೇಡ ಅಜ್ಜ. ಒಂಟಿಗೈ ವೀರನಿಗೆ ಇನ್ನೊಬ್ಬರ ಸಹಾಯವಾ? ನಾಳೆ ಜನ ಏನಂತಾರೆ?"

"ಜನ ಏನಾದ್ರೂ ಅನ್ಲಿ, ನನ್ನ ಮೈ ಒಣಗ್ತಾ ಇದೆಯೋ!" ಗಂಗತ್ತೆಯ ದನಿ ಬತ್ತಿತ್ತು. "ಕೈ ಕೊಡೋ ಚಿಪ್ಪಣ್ಣ. ನಿನ್ನ ದಮ್ಮಯ್ಯ, ಒಂದು ಕೈ ಕೊಡೋ!"

ಹೊಟ್ಟೆಯ ಅಡಿಯಲ್ಲಿ ಬಲಗೈ ಮಿಸುಕಾಡಿತು. ಅದನ್ನೊಂದು ತೆಗೆದರೆ ಕೆಲಸ ಚಿಟಿಕೆಯಲ್ಲಿ ಮುಗಿಯುತ್ತಿತ್ತು. ಆದರೆ ರಂಗಕ್ಕ ನೋಡುತ್ತಿದ್ದಾಳೆ. ರಂಗಕ್ಕ ನೋಡಿದ್ದು ಕೆರೆಯೇ ನೋಡಿದಂತೆ.

"ಇನ್ನೊಂದೇ ಸಲ ಅತ್ತೆ," ಎಂದು ಚಿಪ್ಪಣ್ಣ ಮತ್ತೆ ಎಡಗೈಯನ್ನೇ ಚಾಚಿದ. ದಾರ ಮತ್ತೆ ಜಾರಿತು.

ಅಷ್ಟರಲ್ಲಿ ಬಾತುಕೋಳಿಗಳು ಒಮ್ಮೆಗೇ ಭರ್ರನೆ ಹಾರಿದವು. ರಂಗಕ್ಕ ಕಿರುಚಿದಳು.

"ನರಿ! ನರಿ ಬಂತು!"

ಅದೇ ಗುಳ್ಳೆನರಿ. ಕಪ್ಪೆಯ ಕೂಗು ಕೇಳಿ ಏರಿಯ ಮೇಲಿಂದ ಇಳಿದುಬರುತ್ತಿತ್ತು. ಈರಜ್ಜ ತಲೆ ಒಳಗೆಳೆದುಕೊಂಡು ಕಲ್ಲಾದ. ರಂಗಕ್ಕ ಹಾರಿ ಮರದ ಕೊಂಬೆಗೆ ಹೋದಳು. ಕಲ್ಲಿನ ಮೇಲೆ ಉಳಿದವರು ಕಾಲು ಕಟ್ಟಿಹೋದ ಗಂಗತ್ತೆ ಮತ್ತು ಚಿಪ್ಪಣ್ಣ.

"ಓಹೋಹೋ!" ಎಂದಿತು ನರಿ ನಾಲಿಗೆ ಸವರುತ್ತಾ. "ಕಟ್ಟಿಹಾಕಿದ ಕಪ್ಪೆ! ಯಾರಪ್ಪ ಇಷ್ಟು ಚೆನ್ನಾಗಿ ಬಡಿಸಿಟ್ಟಿದ್ದು? ಆಹಾ, ಅಂದು ನನಗೆ ಕೈ ಕೊಟ್ಟ ಮಹಾಶಯನೂ ಇದ್ದಾನಲ್ಲ. ನೀನು ಆಮೇಲೆ ಮಾರಾಯ. ಮೊದಲು ಮೆತ್ತಗಿರೋದು."

ಈಗ ಚಿಪ್ಪಣ್ಣನಿಗೆ ಬಾತುಕೋಳಿಗಳೂ ಮರೆತುಹೋದವು, ರಂಗಕ್ಕನೂ ಮರೆತುಹೋದಳು. ನರಿ ಇನ್ನೂ ಕಲ್ಲು ಇಳಿಯುತ್ತಿದೆ. ಬೇಗ ಬಲಗೈ ತೆಗೆದರೆ ದಾರ ಕತ್ತರಿಸಬಹುದು. "ಇರು ಅತ್ತೆ, ಇನ್ನೊಂದು ಕೈ ಇದೆ! ಇದೆ ನನ್ನ ಹತ್ರ!" ಎಂದು ಕೂಗಿ ಬಲಗೈಯನ್ನು ಎಳೆದ.

ಬರಲಿಲ್ಲ.

ಮತ್ತೆ ಎಳೆದ. ಊಹೂಂ. ಬೆಳಗಿನಿಂದ ಬಿಸಿಲಲ್ಲಿ ಮೆರೆದಿದ್ದನಲ್ಲ? ಮೆತ್ತಿದ್ದ ಜೇಡಿಮಣ್ಣು ಒಣಗಿ ಇಟ್ಟಿಗೆಯಾಗಿತ್ತು. ಕೈ ಒಳಗೆ ಇದೆ, ಗಟ್ಟಿಮುಟ್ಟಾಗಿದೆ, ಮಿಸುಕಾಡುತ್ತಿದೆ. ಆಚೆ ಬರುತ್ತಿಲ್ಲ. ತಾನೇ ಕಟ್ಟಿದ ಗೋಡೆಯೊಳಗೆ ತನ್ನ ಕೈಯೇ ಸೆರೆ!

ಗಂಗತ್ತೆ ಅವನನ್ನು ನೋಡಿದಳು. ಏನೂ ಅರ್ಥವಾಗದೆ ನೋಡಿದಳು. "ಇನ್ನೊಂದು ಕೈಯಾ?" ಎಂದಳು, ಅಷ್ಟೇ.

ನರಿ ಬಾಯಿ ತೆರೆದು ಬಗ್ಗಿತು.

ಚಿಪ್ಪಣ್ಣನ ಬಿಲ ಪಕ್ಕದಲ್ಲೇ ಇತ್ತು. ಒಂದು ಉರುಳು ಉರುಳಿದರೆ ಪ್ರಾಣ ಉಳಿಯುತ್ತಿತ್ತು. ಅವನು ಉರುಳಲಿಲ್ಲ. ಅಡ್ಡಡ್ಡ ನುಗ್ಗಿ ಗಂಗತ್ತೆಗೂ ನರಿಯ ಬಾಯಿಗೂ ನಡುವೆ ನಿಂತು, ಎಡಗೈಯಿಂದ ನರಿಯ ಕೆಳತುಟಿಯನ್ನು ಕಚಕ್ಕನೆ ಹಿಡಿದ. ಹಿಡಿತ ಎಂದರೆ ಅದು ಹಿಡಿತ! ಇಷ್ಟು ದಿನ ಎರಡು ಕೈಯ ಕೆಲಸ ಒಂದೇ ಮಾಡಿ ಮಾಡಿ ಉಕ್ಕಾದ ಕೈ ಅದು.

"ಆಂವ್‌!" ಎಂದು ನರಿ ನೆಗೆಯಿತು. ತಲೆ ಕೊಡವಿತು. ಚಿಪ್ಪಣ್ಣ ಗಾಳಿಯಲ್ಲಿ ಜೋಕಾಲಿಯಾಡಿದ. ಅತ್ತ ಬೀಸಿತು, ಇತ್ತ ಬೀಸಿತು, ಕಲ್ಲಿಗೆ ಒಂದು ಸಲ ಅಪ್ಪಳಿಸಿತು. ಚಿಪ್ಪು ಚಟ್ಟೆಂದಿತು. ಇನ್ನೊಂದು ಏಟು ಬಿದ್ದರೆ ಉಳಿಯುವುದಿಲ್ಲ ಎಂದು ಚಿಪ್ಪಣ್ಣನಿಗೆ ಗೊತ್ತಾಯಿತು. ಮೈ ಬಿಗಿದ.

'ಕಟಕ್.'

ಚಿಪ್ಪಣ್ಣ ಹೊಂಡಕ್ಕೆ ಬಿದ್ದ. ಎಡಗೈ ನರಿಯ ತುಟಿಯಲ್ಲೇ ಉಳಿಯಿತು. ಕಳಚಿದ ಏಡಿಯ ಕೈ ಅಷ್ಟು ಬೇಗ ಪಟ್ಟು ಬಿಡುವುದಿಲ್ಲ, ಮಕ್ಕಳೇ. ನರಿ ಮುಂಗಾಲಿನಲ್ಲಿ ಕೆರೆಯಿತು, ನೆಲಕ್ಕೆ ಮೂತಿ ಉಜ್ಜಿತು. ಆ ಕೈ ಇನ್ನೂ ಕಚ್ಚಿಕೊಂಡೇ ಇತ್ತು. ಕೊನೆಗೆ "ಅಯ್ಯಯ್ಯೋ ತುಟಿ, ಅಯ್ಯಯ್ಯೋ ತುಟಿ!" ಎಂದು ಊಳಿಡುತ್ತಾ, ಗಡ್ಡದ ಹಾಗೆ ಏಡಿಯ ಕೈ ನೇತಾಡಿಸಿಕೊಂಡು ಏರಿ ಹತ್ತಿ ಓಡಿತು.

ಇತ್ತ ಹೊಂಡದ ನೀರಲ್ಲಿ ಜೇಡಿಮಣ್ಣು ನೆನೆಯಿತು. ಕರಗಿತು. ಹೊಟ್ಟೆಯ ಅಡಿಯಿಂದ ಬಲಗೈ ಪುಸಕ್ಕನೆ ಆಚೆ ಬಂತು. ಚಿಪ್ಪಣ್ಣ ಕಲ್ಲು ಹತ್ತಿ ಬಂದಾಗ ಎಡಗಡೆ ಕೈ ಇರಲಿಲ್ಲ, ಬಲಗಡೆ ಇತ್ತು.

ಮರದ ಮೇಲಿದ್ದ ರಂಗಕ್ಕನ ಕೊಕ್ಕು ತೆರೆದದ್ದು ತೆರೆದೇ ಇತ್ತು. ಹುಟ್ಟಿದಂದಿನಿಂದ ಮೊದಲ ಸಲ ಅವಳಿಗೆ ಮಾತು ಹೊರಡಲಿಲ್ಲ.

"ನೋಡ್ತಾ ನಿಲ್ಲಬೇಡಿ," ಎಂದ ಚಿಪ್ಪಣ್ಣ. ದನಿಯಲ್ಲಿ ಗತ್ತಿರಲಿಲ್ಲ. "ಈರಜ್ಜ, ದಾರ ಹಿಡ್ಕೊ. ಗಟ್ಟಿಯಾಗಿ ಎಳಿ. ನನ್ನೊಬ್ಬನ ಕೈಲಿ ಆಗಲ್ಲ. ರಂಗಕ್ಕ, ರೆಕ್ಕೆ ನೆನೆಸ್ಕೊಂಡು ಬಂದು ಅತ್ತೆ ಮೇಲೆ ನೀರು ಕೊಡವು. ಬೇಗ!"

ಈರಜ್ಜ ಬಾಯಲ್ಲಿ ದಾರ ಹಿಡಿದು ಹಿಂದಕ್ಕೆ ವಾಲಿದ. ದಾರ ತಂತಿಯಂತೆ ಬಿಗಿಯಾಯಿತು. ಚಿಪ್ಪಣ್ಣ ಬಲಗೈಯಿಂದ ಕಚ್ಚಿದ. ಕೆಲಸ ಕಾಣದ ಕೈ, ಒಂದೇ ಸಲಕ್ಕೆ ಆಗಲಿಲ್ಲ. ಮತ್ತೆ ಕಚ್ಚಿದ, ಮತ್ತೆ ಕಚ್ಚಿದ. ರಂಗಕ್ಕ ಹೊಂಡಕ್ಕೂ ಕಲ್ಲಿಗೂ ಓಡಾಡಿ ಗಂಗತ್ತೆಯ ಮೇಲೆ ನೀರು ಕೊಡವುತ್ತಲೇ ಇದ್ದಳು. ಕೊನೆಗೆ ಟಣ್ಣನೆ ದಾರ ತುಂಡಾಯಿತು. ಈರಜ್ಜ ಎಳೆದ ಬಿರುಸಿಗೆ ಹಿಂದಕ್ಕೆ ಉರುಳಿ ಬೆನ್ನ ಮೇಲೆ ಬಿದ್ದು ನಾಲ್ಕು ಕಾಲೂ ಆಡಿಸಿದ. ಗಂಗತ್ತೆ ನೀರಿಗೆ ನೆಗೆದಳು.

ಬಹಳ ಹೊತ್ತು ಅವಳು ಮೇಲೆ ಬರಲಿಲ್ಲ. ಚಿಪ್ಪಣ್ಣ ದಡದಲ್ಲೇ ಕಾದ. ಕೊನೆಗೆ ತಲೆ ಎತ್ತಿದಳು.

"ಆ ಬಲಗೈ ಯಾವಾಗ ಬಂತು?"

"ಮಳೆಗಾಲ ಮುಗಿದಾಗ," ಎಂದ ಚಿಪ್ಪಣ್ಣ ಕಣ್ಣನ್ನು ಚಿಪ್ಪಿನೊಳಗೆ ಎಳೆದುಕೊಂಡು.

"ಆವಾಗಿಂದ ಬಚ್ಚಿಟ್ಟಿದ್ಯಾ?"

"ಹೂಂ ಅತ್ತೆ."

"ನಾನು ಒಣಗಿ ಸಾಯ್ತಾ ಕೈ ಕೊಡೋ ಅಂದಾಗಲೂ?"

ಚಿಪ್ಪಣ್ಣ ಬಲಗೈಯನ್ನು ಹೊಟ್ಟೆಯ ಅಡಿಗೆ ಎಳೆಯಲು ಹೋಗಿ, ಮತ್ತೆ ಆಚೆ ಚಾಚಿದ.

"ನರಿಗೆ ಕೈ ಕೊಟ್ಟೆ, ನರಿಗೆ ಕೈ ಕೊಟ್ಟೆ ಅಂತ ಮೆರೆದ್ಯಲ್ಲೋ," ಎಂದಳು ಗಂಗತ್ತೆ. "ನನಗೂ ಕೈ ಕೊಟ್ಟೆ ನೋಡು." ಮುಳುಗಿ ಹೋದಳು. ಅವಳು ಇದ್ದ ಕಡೆ ನಾಲ್ಕು ಗುಳ್ಳೆ ಎದ್ದು ಒಡೆದವು.

ಹೊಂಡದಲ್ಲಿ ಯಾರೂ ನಗಲಿಲ್ಲ. ನರಿಯ ತುಟಿ ಹಿಡಿದವನು ಇವನೇ, ನಿಜ. ಆದರೆ ನರಿ ಬರುವ ತನಕ ಅತ್ತೆಯನ್ನು ಬಿಸಿಲಲ್ಲಿ ಇಟ್ಟವನೂ ಇವನೇ. ಹೊಗಳುವುದೋ ಬೈಯುವುದೋ ರಂಗಕ್ಕನಿಗೇ ಗೊತ್ತಾಗಲಿಲ್ಲ. ಬಾತುಕೋಳಿಗಳು ಮತ್ತೆ ಬಂದು, "ಒಂಟಿಗೈ ವೀರ ಎಲ್ಲಿ?" ಎಂದು ಕೇಳಿದಾಗ ಚಿಪ್ಪಣ್ಣನೇ ಬಾಗಿಲಿಗೆ ಬಂದು ಹೇಳಿದ:

"ವೀರ ಯಾರೂ ಇಲ್ಲ. ಏಡಿ ಇದ್ದೀನಿ. ಸುಮ್ಮನೆ ನೋಡೋಕೆ ಬಂದಿದ್ರೆ ಹೋಗಿ. ಕೆಲಸಕ್ಕೆ ಬರೋ ಹಾಗಿದ್ರೆ ಬನ್ನಿ."

ಅವನು ಎಡಗೈಗಾಗಿ ಅಳುತ್ತಾ ಕೂರಲಿಲ್ಲ. ಬಲಗೈಯಲ್ಲಿ ಎಲ್ಲವನ್ನೂ ಹೊಸದಾಗಿ ಕಲಿತ. ಬಿದ್ದ, ವಾಲಿದ, ಮಣ್ಣಿನ ಉಂಡೆಯ ಹಿಂದೆ ಓಡಿದ. ಒಂದೇ ಒಂದು ವ್ಯತ್ಯಾಸ. ಈ ಸಲ ಆಗದಿದ್ದರೆ, "ಅಜ್ಜ, ಇದನ್ನ ಹಿಡ್ಕೊ," ಎಂದು ಕರೆಯುತ್ತಿದ್ದ.

ಮುಂದಿನ ಮಳೆಗೆ ಚಿಪ್ಪು ಕಳಚಿದಾಗ ಎಡಗಡೆ ಪುಟಾಣಿ ಕೈ ಮೊಳೆತಿತ್ತು. ಚಿಪ್ಪಣ್ಣ ಬಾಗಿಲು ಒಡೆದುಕೊಂಡೇ ಆಚೆ ಬಂದ. ಹೊಸ ಚಿಪ್ಪು ಇನ್ನೂ ಗಟ್ಟಿಯಾಗಿರಲಿಲ್ಲ, ಅಷ್ಟರಲ್ಲೇ!

"ನೋಡಿ! ಬಂತು! ನೋಡ್ರೀ! ಎರಡನೇ ಕೈ! ರಂಗಕ್ಕ, ಸರಿಯಾಗಿ ನೋಡು, ಕೆರೆಗೆಲ್ಲ ಹೇಳು!"

"ನೋಡಿದೆ ಮಾರಾಯ, ಬೆಳಗಿನಿಂದ ಇದನ್ನೇ ನೋಡ್ತಿದೀನಿ," ಎಂದಳು ರಂಗಕ್ಕ.

"ಈರಜ್ಜ, ನೀನು ನೋಡಿದ್ಯಾ?"

"ನೋಡಿದ ಮೇಲೇ ಅಲ್ವೇನೋ ಕಣ್ಣು ಮುಚ್ಚಿದ್ದು!"

ಚಿಪ್ಪಣ್ಣ ಹೊಂಡದ ಅಂಚಿಗೆ ಬಂದು ನಿಂತ. ಗಂಗತ್ತೆ ತಾವರೆ ಎಲೆಯ ಮೇಲೆ ಬೆನ್ನು ಹಾಕಿ ಕುಳಿತಿದ್ದಳು. ಆವತ್ತಿನಿಂದ ಅವಳು ಅವನ ಜೊತೆ ಮಾತೇ ಆಡಿರಲಿಲ್ಲ. ಅವನು ಎರಡು ಕೈಯನ್ನೂ ಮುಂದೆ ಚಾಚಿದ. ಒಂದು ದೊಡ್ಡದು, ಒಂದು ಚಿಕ್ಕದು.

"ಅತ್ತೆ, ಎರಡೂ ಇಲ್ಲಿವೆ. ಒಂದನ್ನೂ ಬಚ್ಚಿಟ್ಟಿಲ್ಲ."

ಗಂಗತ್ತೆ ತಿರುಗಿದಳು. ದೊಡ್ಡ ಕೈ ನೋಡಿದಳು, ಚಿಕ್ಕ ಕೈ ನೋಡಿದಳು. ಆಮೇಲೆ ಅವನ ಮುಖ ನೋಡಿದಳು.

"ಸುಮ್ನೆ ಗಾಳಿಗೆ ಚಾಚಿಕೊಂಡು ಯಾಕೋ ನಿಂತಿದೀಯ?" ಎಂದಳು. "ತೂಬಿನ ಕಲ್ಲಲ್ಲಿ ಆ ಬಲೆಯ ಹರಕು ಇನ್ನೂ ಹಂಗೇ ನೇತಾಡ್ತಾ ಇದೆ. ನನ್ನ ಮರಿಗಳಿಗೆ ಕಾಲು ಬಂದಿದೆ, ನಾಳೆ ನಾಡಿದ್ದು ಅಲ್ಲಿಗೇ ಹಾರೋದು ಅವು. ನಡಿ ಮುಂದೆ. ನಾನು ಎಳೆದು ಹಿಡ್ಕೋತೀನಿ, ನೀನು ಕತ್ತರಿಸು."

ನೀತಿ: ಹೊಗಳಿಕೆಗಾಗಿ ಬಚ್ಚಿಟ್ಟ ಶಕ್ತಿ ಬೇಕೆಂದಾಗ ಕೈಗೆ ಸಿಗದು. ಇದ್ದದ್ದನ್ನು ತೋರಿಸುವುದಕ್ಕೂ, ಆಗದ್ದನ್ನು ಆಗದು ಎನ್ನುವುದಕ್ಕೂ ನಾಚಬಾರದು.